ಅಪ್ಪನಿಗೆ ಇನ್ಸುಲಿನ್ ಭಯವೇ? ಒಪ್ಪಿಸುವುದು ಹೀಗೆ

ಮಂಡ್ಯ ಕಡೆ ಹಳ್ಳಿಗಳಲ್ಲಿ ‘ಶುಗರ್‌ಗೆ ಇಂಜೆಕ್ಷನ್ ಶುರು ಮಾಡಿದ್ರಂತೆ’ ಅಂದರೆ ಸಾಕು, ‘ಹಂಗಾದ್ರೆ ಕೈ ಮೀರೋಯ್ತು ಬಿಡಿ’ ಅನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದವರು ಡಾಕ್ಟರು ಬರೆದ ಇನ್ಸುಲಿನ್ ಚೀಟಿಯನ್ನು ಜೇಬಲ್ಲೇ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡುತ್ತಾರೆ.

ನಿಮ್ಮ ಅಪ್ಪನೂ ಹೀಗೇ ಮಾಡುತ್ತಿದ್ದರೆ ಮೊದಲು ಬೈಯುವುದನ್ನು ಬಿಡಿ. ‘ಕಾಲು ಕತ್ತರಿಸ್ತಾರೆ ನೋಡು’ ಎಂದು ಹೆದರಿಸಿದರೆ ಅವರು ಆಸ್ಪತ್ರೆಯ ದಿಕ್ಕಿಗೇ ತಲೆ ಹಾಕುವುದಿಲ್ಲ. ರಾತ್ರಿ ಊಟ ಮುಗಿಸಿ ಜಗುಲಿಯಲ್ಲಿ ಕೂತಾಗ ಕೇಳಿ: ‘ಅಪ್ಪಾಜಿ, ನಿಮಗೆ ಭಯ ಯಾವುದ್ರದು? ಸೂಜಿದಾ, ಇನ್ನೇನಾದ್ರೂನಾ?’ ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಮಧ್ಯೆ ಬಾಯಿ ಹಾಕಬೇಡಿ.

‘ಪಕ್ಕದ ಮನೆಯವರಿಗೆ ಇನ್ಸುಲಿನ್ ತಗೊಂಡ ಮೇಲೆ ಕಣ್ಣು ಹೋಯ್ತು’ ಎನ್ನಬಹುದು. ಕಣ್ಣು, ಕಿಡ್ನಿ ಹಾಳಾಗುವುದು ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆಯಿಂದ. ಇಂಜೆಕ್ಷನ್ ತಡವಾಗಿ ಶುರುವಾಗುವುದರಿಂದ ತಪ್ಪು ಅದರ ತಲೆಗೆ ಬರುತ್ತದೆ, ಅಷ್ಟೆ. ‘ಚಟ ಆಗುತ್ತೆ’ ಎಂದರೆ, ಇದು ನಮ್ಮ ದೇಹವೇ ತಯಾರಿಸುವ ಹಾರ್ಮೋನು ಎಂದು ಹೇಳಿ. ಒಳಗೆ ಕಡಿಮೆಯಾದದ್ದನ್ನು ಹೊರಗಿನಿಂದ ಕೊಡುತ್ತೇವೆ. 1922ರಲ್ಲಿ ಟೊರಾಂಟೊದಲ್ಲಿ ಇದನ್ನು ಮೊದಲು ಪಡೆದವನು 14 ವರ್ಷದ ಹುಡುಗ. ಸಾಯುವ ಸ್ಥಿತಿಯಲ್ಲಿದ್ದವನು ಬದುಕಿಕೊಂಡ. ಇದನ್ನು ಕೊನೆಗಾಲದ ಮದ್ದು ಎನ್ನುವುದು ಎಷ್ಟು ಅನ್ಯಾಯ, ಅಲ್ವಾ?

ಸೂಜಿಯ ಭಯ ಮಾತಿನಿಂದ ಹೋಗುವುದಿಲ್ಲ, ಕೈಯಲ್ಲಿ ಹಿಡಿದರೆ ಹೋಗುತ್ತದೆ. ಇನ್ಸುಲಿನ್ ಪೆನ್ನಿಗೆ (ಪೆನ್ನಿನಂತಿರುವ ಇಂಜೆಕ್ಷನ್) 4 ಮಿಲಿಮೀಟರ್ ಸೂಜಿ ಸಿಗುತ್ತದೆ, ಅಕ್ಕಿಕಾಳಿಗಿಂತ ಗಿಡ್ಡ. ಔಷಧಿ ಇಲ್ಲದೆ ಹೊಸ ಸೂಜಿಯನ್ನು ಒಮ್ಮೆ ನರ್ಸ್ ಎದುರು ಅವರೇ ಚುಚ್ಚಿಕೊಂಡು ನೋಡಲಿ. ಹೊಟ್ಟೆಯಾದರೆ ಹೊಕ್ಕುಳಿಂದ 2 ಇಂಚು ದೂರದಲ್ಲಿ. ಪೆನ್ನಿನ ಗುಂಡಿ ಪೂರ್ತಿ ಒತ್ತಿ 10 ಎಣಿಸಿ ಸೂಜಿ ತೆಗೆಯಬೇಕು. ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಗಂಟು ಕಟ್ಟುತ್ತದೆ, ಜಾಗ ಬದಲಿಸಿ.

ಡಾಕ್ಟರು ಹೇಳಿದ ಹೊತ್ತನ್ನು ಅವರ ದಿನದ ಕೆಲಸಕ್ಕೆ ಗಂಟು ಹಾಕಿ. ಬೆಳಿಗ್ಗೆ ಎಂದಿದ್ದರೆ ಡೇರಿಗೆ ಹಾಲು ಹಾಕಿ ಬಂದ ಕೂಡಲೇ, ರಾತ್ರಿಯಾದರೆ ದನಕ್ಕೆ ಮೇವು ಹಾಕಿದ ಮೇಲೆ. ಊಟಕ್ಕೆ ಮುಂಚಿನ ಇನ್ಸುಲಿನ್ ಆದರೆ ತಟ್ಟೆ ಸಿದ್ಧವಿರಲಿ.

ಒಂದು ಭಯ ಮಾತ್ರ ನಿಜ: ಸಕ್ಕರೆ ತೀರಾ ಇಳಿಯುವುದು. ಇದನ್ನು ಮುಚ್ಚಿಡಬೇಡಿ. ಬೆವರು, ಕೈ ನಡುಕ, ಕಣ್ಣು ಮಂಜಾದರೆ ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಏರದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಕಬ್ಬಿನ ಗದ್ದೆಗೆ ಹೋಗುವಾಗ ಜೇಬಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು.

ಇನ್ನೂ ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಸಂದೇಹ ಉಳಿದರೆ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳನ್ನು ನೋಡುವ ವಿಭಾಗ) ಜೊತೆಯಲ್ಲಿ ಹೋಗಿ. ಅಲ್ಲಿ ಪ್ರಶ್ನೆಗಳನ್ನು ಅಪ್ಪಾಜಿಯೇ ಕೇಳಲಿ, ನೀವು ಪಕ್ಕದಲ್ಲಿ ಕೂತಿರಿ.