ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ: ಮನೋವೈದ್ಯರ ತಪಾಸಣೆ, ಚಿಕಿತ್ಸೆ ನಡೆಯುವುದು ಹೀಗೆ

ನಾಲ್ಕಾರು ರಾತ್ರಿ ಮಗ್ಗುಲು ಬದಲಿಸುತ್ತಾ ಕಳೆದರೆ ಅದು ಕಾಯಿಲೆಯಲ್ಲ. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ಇದೇ ಪಾಡಾಗಿ, ಹಗಲಿನ ಕೆಲಸವೂ ಕೆಡುತ್ತಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ನಿದ್ದೆ ಹತ್ತುವುದೇ ತಡವಾಗಬಹುದು, ನಡುರಾತ್ರಿ ಎಚ್ಚರವಾಗಬಹುದು, ನಸುಕಿಗೆ ಮುಂಚೆಯೇ ಕಣ್ಣು ಬಿಟ್ಟು ಮತ್ತೆ ನಿದ್ದೆ ಬಾರದಿರಬಹುದು. ಮಲಗಲು ಸಮಯ, ಜಾಗ ಎರಡೂ ಇದ್ದೂ ಹೀಗಾಗುತ್ತಿರಬೇಕು. ಕೆಲಸದ ಹೊರೆಯಿಂದ 5 ಗಂಟೆಯಷ್ಟೇ ಮಲಗುವವರ ಸಮಸ್ಯೆ ಬೇರೆ, ಅದರ ಪರಿಹಾರವೂ ಬೇರೆ.

ಮೊದಲು 2 ವಾರದ ದಿನಚರಿ

ವೈದ್ಯರನ್ನು ಕಾಣುವ ಮುಂಚೆಯೇ ಒಂದು ಹಾಳೆ ಇಟ್ಟುಕೊಳ್ಳಿ. ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಲು ಹಿಡಿದ ಸಮಯ, ಎಷ್ಟು ಸಲ ಎಚ್ಚರವಾಯಿತು, ಬೆಳಿಗ್ಗೆ ಎದ್ದ ಹೊತ್ತು, ಹಗಲುನಿದ್ದೆ, ಕಾಫಿ–ಟೀ, ಮದ್ಯ, ಮಾತ್ರೆ ಇವೆಲ್ಲ ಅದರಲ್ಲಿರಲಿ. ಬೆಳಿಗ್ಗೆ ಅಂದಾಜಿನಲ್ಲಿ ತುಂಬಿದರೆ ಸಾಕು. ನಿಖರವಾಗಿರಲೆಂದು ರಾತ್ರಿಯೆಲ್ಲ ಗಡಿಯಾರ ನೋಡಿದರೆ ಆತಂಕ ಹೆಚ್ಚಿ ಇರುವ ನಿದ್ದೆಯೂ ಹೋಗುತ್ತದೆ.

ತಪಾಸಣೆಯಲ್ಲಿ ಕೇಳುವುದೇನು, ಏಕೆ

ಮೊದಲಿಗೆ ಸಾಮಾನ್ಯವಾಗಿ 7 ಪ್ರಶ್ನೆಗಳ ಒಂದು ಅಳತೆಪಟ್ಟಿ ಕೊಡುತ್ತಾರೆ. ಒಟ್ಟು 28 ಅಂಕ. 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆ ಗಣನೀಯ. ನಂತರ ಖಿನ್ನತೆ, ಆತಂಕ, ಹಿಂದಿನ ಆಘಾತಗಳ ಬಗ್ಗೆ ಕೇಳುತ್ತಾರೆ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಮುಚ್ಚಿಡಬೇಡಿ. ಅಂಥವರು 2 ವಾರದ ದಿನಚರಿ ಮುಗಿಯಲೆಂದೂ ಕಾಯಬಾರದು, ಅದೇ ದಿನ ವೈದ್ಯರನ್ನು ಕಾಣಬೇಕು.

‘ನಿದ್ದೆ ಕಡಿಮೆಯಾದರೂ ದಣಿವಿಲ್ಲದೆ, ಹುರುಪು ಉಕ್ಕಿ, ಮಾತು–ಖರ್ಚು ಮಿತಿಮೀರಿದ ದಿನಗಳು ಎಂದಾದರೂ ಇದ್ದವೇ?’ ಈ ಪ್ರಶ್ನೆಗೆ ಯೋಚಿಸಿ ಉತ್ತರಿಸಿ. ಹೌದಾದರೆ ಅದು ಹುರುಪು ಮಿತಿಮೀರುವ ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಸುಳಿವಾಗಿರಬಹುದು. ಅಂಥವರಿಗೆ ಮುಂದೆ ವಿವರಿಸಿರುವ, ಹಾಸಿಗೆಯ ಹೊತ್ತು ಕಡಿತಗೊಳಿಸುವ ಚಿಕಿತ್ಸೆಯೂ ಕೆಲವು ಖಿನ್ನತೆ ಮಾತ್ರೆಗಳೂ ಉನ್ಮಾದವನ್ನು ಕೆರಳಿಸಬಲ್ಲವು.

ಜೊತೆಯಲ್ಲಿ ಮಲಗುವವರನ್ನೂ ಕರೆದೊಯ್ಯುವುದು ಒಳ್ಳೆಯದು. ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು ಅವರಿಗೇ ಗೊತ್ತಿರುತ್ತದೆ. ಹಾಗಿದ್ದರೆ ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆ ಬೇಕಾಗಬಹುದು; ಬರೀ ನಿದ್ರಾಹೀನತೆಗೆ ಅದು ಸಾಮಾನ್ಯವಾಗಿ ಬೇಕಿಲ್ಲ. ಸಂಜೆಯಾದರೆ ಕಾಲು ಅಲ್ಲಾಡಿಸದೆ ಇರಲಾಗದವರಿಗೆ ದೇಹದಲ್ಲಿ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಸ್ಟೀರಾಯ್ಡ್, ಮೂಗು ಕಟ್ಟಿದಾಗ ನುಂಗುವ ಕೆಲವು ಮಾತ್ರೆ, ಕೆಲವು ಖಿನ್ನತೆ ಮಾತ್ರೆಗಳೂ ನಿದ್ದೆ ಕೆಡಿಸುತ್ತವೆ. ಆದ್ದರಿಂದ ಔಷಧಿ ಚೀಟಿಗಳನ್ನೆಲ್ಲ ಒಯ್ಯಿರಿ.

ಖಿನ್ನತೆ ಪತ್ತೆಯಾದರೆ ‘ಅದು ವಾಸಿಯಾದರೆ ನಿದ್ದೆ ತಾನಾಗಿ ಬರುತ್ತದೆ’ ಎಂದು ಹಿಂದೆ ಬಿಟ್ಟುಬಿಡುತ್ತಿದ್ದರು. ಎಷ್ಟೋ ಮಂದಿಗೆ ಮನಸ್ಸು ಹಗುರಾದ ಮೇಲೂ ನಿದ್ದೆ ಮರಳುವುದಿಲ್ಲ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯಕೀಯ ವರ್ಗೀಕರಣ ನಿದ್ರಾಹೀನತೆಯನ್ನು ಸ್ವತಂತ್ರ ಕಾಯಿಲೆಯಾಗಿಯೇ ಗುರುತಿಸಿತು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೇಳಿ.

ಹಾಸಿಗೆಯ ಹೊತ್ತು ಕಡಿತ

ಮೊದಲ ಆಯ್ಕೆ ಮಾತ್ರೆಯಲ್ಲ, ನಿದ್ದೆಗೆಂದೇ ರೂಪಿಸಿದ ಅರಿವು–ವರ್ತನೆ ಚಿಕಿತ್ಸೆ. ಸಾಮಾನ್ಯವಾಗಿ 4ರಿಂದ 8 ಭೇಟಿಗಳಲ್ಲಿ ಮುಗಿಯುತ್ತದೆ. ನಿದ್ದೆ ಸಾಲದವರು ಬೇಗ ಮಲಗಿ ತಡವಾಗಿ ಏಳುತ್ತಾರೆ. ಇದ್ದ ಅಲ್ಪ ನಿದ್ದೆ ಉದ್ದದ ರಾತ್ರಿಯಲ್ಲಿ ಚೂರುಚೂರಾಗುತ್ತದೆ, ಹಾಸಿಗೆ ಎಂದರೆ ಎಚ್ಚರ ಎಂದು ಮೆದುಳು ಕಲಿತುಬಿಡುತ್ತದೆ. ಇದನ್ನು ತಿರುಗಿಸುವುದೇ ಚಿಕಿತ್ಸೆಯ ತಿರುಳು.

ದಿನಚರಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಹಾಸಿಗೆಯಲ್ಲಿದ್ದು, ಸರಾಸರಿ ಐದೂವರೆ ಗಂಟೆ ನಿದ್ದೆ ಬಂದಿದೆ ಎನ್ನಿ. 540 ನಿಮಿಷದಲ್ಲಿ 330 ನಿಮಿಷ, ಅಂದರೆ ಶೇ 61. ಈಗ ಹಾಸಿಗೆಯ ಹೊತ್ತೂ ಐದೂವರೆ ಗಂಟೆಯೇ. ಏಳುವುದು 6ಕ್ಕೆ ಎಂದು ನಿಗದಿಪಡಿಸಿದರೆ ಮಲಗುವುದು 12.30ಕ್ಕೆ. ನಿದ್ದೆ ಎಷ್ಟೇ ಕಡಿಮೆಯಿದ್ದರೂ 5 ಗಂಟೆಗಿಂತ ಕೆಳಗೆ ಇಳಿಸಬಾರದು. ವಾರದ ಸರಾಸರಿ ಶೇ 85 ದಾಟಿದರೆ 15 ನಿಮಿಷ ಮುಂಚೆ ಮಲಗಿ. ದಾಟದಿದ್ದರೆ ಇದ್ದಲ್ಲೇ ಇರಲಿ. ಏಳುವ ಹೊತ್ತು ರಜಾದಿನವೂ ಬದಲಾಗಕೂಡದು.

ನಿದ್ದೆ ಬಾರದೆ ಸುಮಾರು 20 ನಿಮಿಷವಾಯಿತು ಅನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕೂತಿರಿ. ತೂಕಡಿಕೆ ಬಂದಾಗ ಮಾತ್ರ ಮರಳಿ. ಬರೀ ಸುಸ್ತು ಬೇರೆ, ತೂಕಡಿಕೆ ಬೇರೆ.

ಹೆಚ್ಚಿನವರು ಸೋಲುವುದು ಮೊದಲ ಎರಡು ವಾರಗಳಲ್ಲಿ. ಆಗ ಹಗಲಿನ ಮಂಪರು ಹೆಚ್ಚುತ್ತದೆ. ‘ಇನ್ನೂ ಹದಗೆಟ್ಟಿತು’ ಎಂದು ಕೈಬಿಡುತ್ತಾರೆ. ಆ ಮಂಪರೇ ಮುಂದಿನ ಗಾಢ ನಿದ್ದೆಯ ಬಂಡವಾಳ, ಹಗಲು ಮಲಗಿ ಅದನ್ನು ಕರಗಿಸಬೇಡಿ. ವಾಹನ, ಭಾರಿ ಯಂತ್ರ ನಡೆಸುವವರು, ಮೂರ್ಛೆರೋಗ, ಬೈಪೋಲಾರ್ ಅಥವಾ ನಿದ್ದೆಯಲ್ಲಿ ನಡೆಯುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಲೇಬಾರದು.

ಮಾತ್ರೆ ಬೇಕಾದರೆ

ಬೆಂಜೊಡಯಜೆಪಿನ್ ಗುಂಪಿನ ಮಾತ್ರೆಗಳು ನಿದ್ದೆ ತರಿಸುತ್ತವೆ. ಆದರೆ ಕೆಲವೇ ವಾರಗಳಲ್ಲಿ ಅವಲಂಬನೆ ಬೆಳೆಯಬಹುದು. ವಯಸ್ಸಾದವರು ಎಡವಿ ಬೀಳುವ ಅಪಾಯವೂ ಇದೆ. ಜೊಲ್ಪಿಡೆಮ್ ಎಂಬ ಇನ್ನೊಂದು ಬಗೆಯ ನಿದ್ದೆ ಮಾತ್ರೆ ನುಂಗಿ ನಿದ್ದೆಗಣ್ಣಿನಲ್ಲೇ ವಾಹನ ಓಡಿಸಿದಂಥ ಘಟನೆಗಳಿಂದಾಗಿ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಇವ್ಯಾವುದನ್ನೂ ಮದ್ಯದೊಂದಿಗೆ ಸೇವಿಸಬಾರದು, ಉಸಿರಾಟವೇ ಕುಂದಬಹುದು. ಮಾತ್ರೆ ಬರೆಯುವಾಗಲೇ ‘ಎಷ್ಟು ದಿನ, ನಿಲ್ಲಿಸುವುದು ಹೇಗೆ’ ಎಂದು ಕೇಳಿಟ್ಟುಕೊಳ್ಳಿ.

ತಿಂಗಳುಗಟ್ಟಲೆ ನುಂಗಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ, ವಾರಗಳಿಂದ ತಿಂಗಳುಗಳವರೆಗೆ ಇಳಿಸುತ್ತಾರೆ. ಪ್ರತಿ ಇಳಿತದ ನಂತರ ಕೆಲವು ರಾತ್ರಿ ನಿದ್ದೆ ಕೆಡುತ್ತದೆ. ಅದನ್ನು ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಹಳೆಯ ಪ್ರಮಾಣಕ್ಕೆ ಏರುವವರಿದ್ದಾರೆ. ಆ ರಾತ್ರಿಗಳನ್ನೂ ದಿನಚರಿಯಲ್ಲಿ ಬರೆದು, ಮುಂದಿನ ಇಳಿತಕ್ಕೆ ಮುಂಚೆ ವೈದ್ಯರಿಗೆ ತೋರಿಸಿ.