ಕೊಚ್ಚಿಯ ಡಚ್ ಚರ್ಚು: ಕಲ್ಲು, ಕಾಗದ ಓದುವ ನನ್ನ ಕ್ರಮ

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಡಚ್ಚರ ಕಾಲವನ್ನು ಹುಡುಕುವಾಗ ನಾನು ಮೊದಲು ಐದು ಇಸವಿಗಳನ್ನು ಬರೆದಿಟ್ಟುಕೊಳ್ಳುತ್ತೇನೆ: 1516, 1663, 1779, 1804, 1886. ಅಲ್ಲಿ ಕಾಣುವ ಪ್ರತಿಯೊಂದೂ ಇವುಗಳಲ್ಲಿ ಯಾವುದರ ಹಿಂದಿನದು, ಯಾವುದರ ಮುಂದಿನದು ಎಂದು ಕೇಳಿಕೊಂಡೇ ಮುಂದುವರಿಯಬೇಕು. ಇಲ್ಲದಿದ್ದರೆ ಎಲ್ಲವೂ ಕಲಸಿಹೋಗುತ್ತದೆ.

1516ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಹಳೆಯ ಮರದ ಚರ್ಚಿನ ಜಾಗದಲ್ಲಿ ಇಟ್ಟಿಗೆ-ಗಾರೆಯ ಕಟ್ಟಡ ಮುಗಿಸಿ ಸಂತ ಅಂತೋಣಿಗೆ ಅರ್ಪಿಸಿದರು. 1663ರ ಜನವರಿಯಲ್ಲಿ ಊರು ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಡಚ್ಚರು ಪೋರ್ಚುಗೀಸ್ ನಗರವನ್ನು ಕುಗ್ಗಿಸಿ ಚಿಕ್ಕ ಕೋಟೆ ಮಾಡಿಕೊಂಡರು, ಕ್ಯಾಥೊಲಿಕ್ ಚರ್ಚುಗಳನ್ನು ಕೆಡವಿದರು ಇಲ್ಲವೇ ಬೇರೆ ಕೆಲಸಕ್ಕೆ ಹಚ್ಚಿದರು. ಸಾಂತಾಕ್ರೂಜ್ ಕ್ಯಾಥೆಡ್ರಲ್ ಉಗ್ರಾಣವಾಯಿತು. ಈ ಒಂದು ಚರ್ಚನ್ನು ಮಾತ್ರ ತಮ್ಮ ಆರಾಧನೆಗೆ ಇಟ್ಟುಕೊಂಡರು. ಅವರದು ಸುಧಾರಿತ ಪ್ರಾಟೆಸ್ಟೆಂಟ್ ಪಂಥ. ವಿಗ್ರಹವೂ ಬೇಡ, ಬಲಿಪೀಠವೂ ಬೇಡ. ಪೀಠ ತೆಗೆದು ಪ್ರಭುಭೋಜನದ ಮೇಜು ಮತ್ತು ಉಪದೇಶದ ವೇದಿಕೆ ಹಾಕಿದರು. ಮುಂಭಾಗದ ಮೇಲಿರುವ 1779 ಜೀರ್ಣೋದ್ಧಾರದ ವರ್ಷ. ಅದನ್ನು ಕಟ್ಟಿದ ವರ್ಷವೆಂದು ಬರೆಯುವವರು ಇಂದಿಗೂ ಇದ್ದಾರೆ. ಅವರ ಲೆಕ್ಕದಲ್ಲಿ ಎರಡೂವರೆ ಶತಮಾನ ಮಾಯ.

1795ರಲ್ಲಿ ಇಂಗ್ಲಿಷರು ಕೊಚ್ಚಿಯನ್ನು ಹಿಡಿದರೂ ಚರ್ಚು ಡಚ್ ಸಭೆಯ ಕೈಯಲ್ಲೇ ಉಳಿದು, 1804ರಲ್ಲಷ್ಟೇ ಆಂಗ್ಲಿಕನ್ನರಿಗೆ ಹೋಯಿತು. ‘ಸೇಂಟ್ ಫ್ರಾನ್ಸಿಸ್’ ಎಂಬ ಹೆಸರು ಆಮೇಲಿನದು. ಡಚ್ ಕಡತಗಳಲ್ಲಿ ಈ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ‘ಕೆರ್ಕ್’ (ಚರ್ಚು) ಎಂಬುದನ್ನು ಕೊಚ್ಚಿಯ ಹೆಸರಿನ ಜೊತೆ ಸೇರಿಸಿ ಹುಡುಕಬೇಕು.

ಹೆಚ್ಚು ಜನ ಎಡವುವುದು ಸಮಾಧಿ ಕಲ್ಲುಗಳಲ್ಲಿ. ಉತ್ತರದ ಗೋಡೆಯಲ್ಲಿ ಪೋರ್ಚುಗೀಸರವು, ದಕ್ಷಿಣದ ಗೋಡೆಯಲ್ಲಿ ಡಚ್ಚರವು ಎಂಬ ಅಚ್ಚುಕಟ್ಟು ನೋಡಿ ‘ಆ ಕಡೆ ಅವರನ್ನು, ಈ ಕಡೆ ಇವರನ್ನು ಹೂಳುತ್ತಿದ್ದರು’ ಎಂದುಕೊಳ್ಳಬಾರದು. ಇವೆಲ್ಲ ನೆಲದಲ್ಲಿದ್ದ ಹಾಸುಗಲ್ಲುಗಳು, 1886ರಲ್ಲಿ ಎಬ್ಬಿಸಿ ಗೋಡೆಗೆ ನಿಲ್ಲಿಸಿದವು. ಕಲ್ಲು ಈಗ ಇರುವ ಜಾಗ ಗೋರಿಯ ಜಾಗವನ್ನು ಹೇಳುವುದಿಲ್ಲ. ಕಟಕಟೆ ಹಾಕಿದ ವಾಸ್ಕೊ ಡ ಗಾಮನ ಕಲ್ಲಿನ ಅಡಿಯಲ್ಲೂ ಅವನಿಲ್ಲ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನ ಅಸ್ಥಿಯನ್ನು ಹದಿನಾಲ್ಕು ಹದಿನೈದು ವರ್ಷಗಳೊಳಗೆ ಪೋರ್ಚುಗಲ್ಲಿಗೆ ಒಯ್ದಿದ್ದರು.

ಸವೆದ ಅಕ್ಷರ ಓದಲು ಬೇಕಾದದ್ದು ಓರೆ ಬೆಳಕು. ಟಾರ್ಚನ್ನು ಕಲ್ಲಿನ ಮೈಗೆ ಹತ್ತು ಹದಿನೈದು ಡಿಗ್ರಿ ಕೋನದಲ್ಲಿ, ಬಹುತೇಕ ತಾಗಿಸಿದಂತೆ ಹಿಡಿದರೆ ಅಕ್ಷರದ ಅಂಚಿನ ನೆರಳು ಏಳುತ್ತದೆ. ನೇರ ಫ್ಲ್ಯಾಶ್ ಹೊಡೆದರೆ ಇದ್ದ ಅಕ್ಷರವೂ ಅಳಿಸಿದಂತೆ ಕಾಣುತ್ತದೆ. ಅಳತೆಪಟ್ಟಿ ಪಕ್ಕಕ್ಕಿಟ್ಟು ಒಂದು ನೇರ ಚಿತ್ರ, ಆಮೇಲೆ ನಾಲ್ಕೂ ದಿಕ್ಕಿನಿಂದ ಬೆಳಕು ಬಿಟ್ಟು ನಾಲ್ಕು ಚಿತ್ರ. ಅಡ್ಡಗೆರೆಗಳು ಮೇಲಿನ ಬೆಳಕಿಗೆ, ಲಂಬಗೆರೆಗಳು ಪಕ್ಕದ ಬೆಳಕಿಗೆ ಎದ್ದು ಬರುವುದರಿಂದ ಒಂದೇ ಚಿತ್ರ ಸಾಲದು. ಸೀಮೆಸುಣ್ಣ, ಎಣ್ಣೆ, ನೀರು ಯಾವುದನ್ನೂ ಸೋಕಿಸಕೂಡದು. ಇದು 1923ರಿಂದ ಸಂರಕ್ಷಿತ ಸ್ಮಾರಕ. ಚಿತ್ರ ತೆಗೆಯುವ ಮೊದಲು ಅಲ್ಲಿಯವರನ್ನು ಕೇಳಿ.

ನಕಲು ಮಾಡುವಾಗ ಸಾಲು ಮುರಿದಲ್ಲಿ ಮುರಿದು ಬರೆಯಿರಿ, ಊಹಿಸಿದ ಅಕ್ಷರಕ್ಕೆ ಚೌಕ ಆವರಣ ಹಾಕಿ, ಕಾಗುಣಿತ ತಿದ್ದಬೇಡಿ. ತಿಂಗಳುಗಳಲ್ಲಿ ಎಚ್ಚರ: ‘7ಬರ್’ ಎಂದರೆ ಜುಲೈ ಅಲ್ಲ, ಸೆಪ್ಟೆಂಬರ್, ‘8ಬರ್’ ಅಕ್ಟೋಬರ್, ‘10ಬರ್’ ಡಿಸೆಂಬರ್. ಹೆಸರಿನ ಮುಂದೆ ‘ಯಾನ್ಸ್’ ಎಂದು ಮೊಟಕಾಗಿದ್ದರೆ ‘ಯಾನ್‌ನ ಮಗ’ ಎಂದು. ಅದನ್ನು ಮನೆತನದ ಹೆಸರೆಂದು ಸೂಚಿಯಲ್ಲಿ ಸೇರಿಸಿದರೆ ಸಂಬಂಧವಿಲ್ಲದವರೆಲ್ಲ ಒಂದೇ ಕುಟುಂಬವಾಗುತ್ತಾರೆ.

ಕಲ್ಲಿನಿಂದ ಕಾಗದಕ್ಕೆ ಬಂದರೆ ಮೊದಲ ತೊಡಕು ದಿನಾಂಕ. ಕಂಪನಿ ಬಳಸುತ್ತಿದ್ದದ್ದು ಗ್ರೆಗರಿ ಪಂಚಾಂಗ. ಇಂಗ್ಲಿಷರು 1752ರವರೆಗೂ ಹಳೆಯದನ್ನೇ ಹಿಡಿದಿದ್ದರು, ಅವರ ಕಾನೂನುಬದ್ಧ ಹೊಸವರ್ಷ ಮಾರ್ಚ್ 25ಕ್ಕೆ. ಹಾಗಾಗಿ 1663ರ ಜನವರಿ ಮೊದಲ ವಾರದ ಡಚ್ ಸುದ್ದಿ ಇಂಗ್ಲಿಷ್ ಪತ್ರದಲ್ಲಿ 1662ರ ಡಿಸೆಂಬರ್ ಕೊನೆಗೆ ಬೀಳುತ್ತದೆ. ಇಂಗ್ಲಿಷ್ ತಾರೀಖಿಗೆ ಹದಿನೇಳನೇ ಶತಮಾನದಲ್ಲಿ ಹತ್ತು ದಿನ, 1700ರ ಫೆಬ್ರವರಿ ದಾಟಿದ ಮೇಲೆ ಹನ್ನೊಂದು ದಿನ ಕೂಡಿಸಬೇಕು.

ಕೊಚ್ಚಿಯ ಸ್ಥಳೀಯ ಡಚ್ ದಾಖಲೆಗಳ ದೊಡ್ಡ ಗಂಟು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿದೆ. ಹಾಲೆಂಡಿಗೆ ಹೋದ ಪತ್ರಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಸಂಗ್ರಹ ಸಂಖ್ಯೆ 1.04.02, ಅವುಗಳ ಸ್ಕ್ಯಾನ್ ಮನೆಯಲ್ಲೇ ಕೂತು ನೋಡಬಹುದು. ಅಲ್ಲಿನ ಸಂಪುಟಗಳನ್ನು ಜೋಡಿಸಿರುವುದು ಪತ್ರ ತಲುಪಿದ ವರ್ಷದ ಪ್ರಕಾರ. ಹಡಗಿಗೆ ತಿಂಗಳುಗಟ್ಟಲೆ ಬೇಕಾಗುತ್ತಿದ್ದುದರಿಂದ 1670ರ ಪತ್ರಕ್ಕೆ 1671ರ ಸಂಪುಟವನ್ನೂ ತೆರೆಯಬೇಕು. ಯಂತ್ರದಿಂದ ಓದಿಸಿದ ಪಠ್ಯದಲ್ಲಿ ಉದ್ದ ‘ಎಸ್’ ಅನ್ನು (‘ಎಫ್’ನಂತೆ ಕಾಣುವ ಹಳೆಯ ರೂಪ) ‘ಎಫ್’ ಎಂದು ಓದಿರುವುದು ಸಾಮಾನ್ಯ. ನಮ್ಮ ಕರಾವಳಿಯ ಬಸರೂರನ್ನು ಹುಡುಕುವವರು ಇದನ್ನು ಮರೆಯಬಾರದು, ಏಕೆಂದರೆ ಆ ಊರಿನ ಹೆಸರಿನ ‘ಬಾರ್ಸಲೋರ್’ ಮುಂತಾದ ಹಲವು ಕಾಗುಣಿತಗಳಲ್ಲೂ ಆ ‘ಎಸ್’ ಇದೆ. ಕೆಳದಿ ಅರಸರ ನಾಡಿನ ಅಕ್ಕಿಗಾಗಿ ಕಂಪನಿ ಅಲ್ಲಿ ಕೋಠಿ ಇಟ್ಟಿತ್ತು. ಮಲಬಾರಿನ ಊಟ ಕನ್ನಡ ಕರಾವಳಿಯ ಅಕ್ಕಿಯನ್ನು ನೆಚ್ಚಿಕೊಂಡಿತ್ತು. ಚರ್ಚನ್ನು ದುರಸ್ತಿ ಮಾಡಿಸಿದ ಕಾಲದ ಡಚ್ ಆಡಳಿತದ ಮುಖ್ಯಸ್ಥ ಆಡ್ರಿಯಾನ್ ಮೋನ್ಸ್ 1781ರಲ್ಲಿ ಉತ್ತರಾಧಿಕಾರಿಗೆ ಬಿಟ್ಟುಹೋದ ದೀರ್ಘ ಟಿಪ್ಪಣಿಯಲ್ಲಿ ಹೈದರಾಲಿಯ ಬಗೆಗಿನ ಚಿಂತೆ ದಂಡಿಯಾಗಿದೆ.

ನಕ್ಷೆ ಅಳೆಯುವಾಗ ಇಂಗ್ಲಿಷ್ ಅಡಿ ಬೇಡ. ಡಚ್ ನಕ್ಷೆಗಳಲ್ಲಿ ಸಾಮಾನ್ಯವಾಗಿ ಇರುವುದು ರೈನ್‌ಲ್ಯಾಂಡ್ ಅಡಿ: 31.4 ಸೆಂಟಿಮೀಟರ್, ಹನ್ನೆರಡು ಅಡಿಗೆ ಒಂದು ‘ರೂಡ್’. ನೂರು ಅಡಿಗೆ ಮುಕ್ಕಾಲು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದು, ಕೊತ್ತಲದ ಗೆರೆ ಇಂದಿನ ರಸ್ತೆಯ ಮೇಲೆ ಕೂರುವುದಿಲ್ಲ. ಕೋಟೆಯನ್ನು 1806ರಲ್ಲಿ ಇಂಗ್ಲಿಷರು ಒಡೆದುಹಾಕಿದ್ದರಿಂದ ನಕ್ಷೆಯನ್ನು ಕೂರಿಸಲು ಹಿಡಿತದ ಬಿಂದುಗಳು ಕಡಿಮೆ. ನಾನು ಚರ್ಚಿನ ಮೂಲೆಗಳನ್ನೂ ಸ್ಟ್ರಾಂಬರ್ಗ್ ಕೊತ್ತಲದ ಮೇಲಿನ ಬ್ಯಾಸ್ಟಿಯನ್ ಬಂಗಲೆಯನ್ನೂ ಬಳಸುತ್ತೇನೆ. ಕಡಲ ಬದಿಯ ಡಚ್ ಸ್ಮಶಾನ 1724ರದು. ಅದಕ್ಕಿಂತ ಹಳೆಯ ನಕ್ಷೆಯಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಉಳಿದದ್ದು ಚರ್ಚಿನ ದೋಪ್‌ಬುಕ್. 1751ರಿಂದ 1804ರವರೆಗಿನ ದೀಕ್ಷಾಸ್ನಾನ ಮತ್ತು ಮದುವೆಗಳ ದಾಖಲೆ. ನೋಡಲು ಸಿಗುವುದು ಅದರ ಛಾಯಾಪ್ರತಿ. ಗೋಡೆಯ ಕಲ್ಲುಗಳಲ್ಲಿರುವುದು ಕಲ್ಲು ಕೆತ್ತಿಸುವಷ್ಟು ಹಣವಿದ್ದವರ ಹೆಸರು ಮಾತ್ರ. ಹಾಗಾಗಿ ಊರಿನ ಜನರನ್ನು ಹುಡುಕುವವರು ಕಲ್ಲಿನಿಂದ ಸಿಕ್ಕ ಹೆಸರನ್ನು ಇಟ್ಟುಕೊಂಡು ಈ ಪುಸ್ತಕಕ್ಕೆ ಬರಬಾರದು. ಪುಸ್ತಕದ ಪಟ್ಟಿ ಮೊದಲು ಮಾಡಿ, ಆಮೇಲೆ ಕಲ್ಲಿಗೆ ಹೋಗಬೇಕು.