ಪೇಪರ್ ಕಟ್ಟು ಹೊರದೆ ದಸರಾ ರಜೆಗೆ ಹೋದೆ: ನನ್ನ ಅನುಭವ

ಈ ಸಲ ದಸರಾ ರಜೆಗೆ ಶಾಲೆಗೆ ಬೀಗ ಹಾಕುವ ಹೊತ್ತಿಗೆ ನನ್ನ ಎಸ್‌ಎ-1, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ ಕೆಲಸ ಪೂರ್ತಿ ಮುಗಿದಿತ್ತು. ಪೇಪರ್ ತಿದ್ದಿದ್ದೂ ಆಯಿತು, ಅಂಕ ವಹಿಗೆ ಏರಿಸಿದ್ದೂ ಆಯಿತು, ಇಲಾಖೆಯ ವೆಬ್‌ಸೈಟ್ ಸ್ಯಾಟ್ಸ್‌ಗೆ ತುಂಬಿದ್ದೂ ಆಯಿತು. ಬಸ್ಸಿಗೆ ಬರುವಾಗ ಕೈಯಲ್ಲಿ ಇದ್ದದ್ದು ಊಟದ ಡಬ್ಬಿ, ಛತ್ರಿ, ಅಷ್ಟೇ. ಜೂನ್‌ನಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಈ ಮಾತು ಎತ್ತಿದಾಗ ಹಿರಿಯ ಮೇಷ್ಟ್ರೊಬ್ಬರು, "ಮೇಡಂ, ಪೇಪರ್ ಕಟ್ಟು ಹೊರದೆ ರಜೆಗೆ ಹೋದವರು ನಮ್ಮ ತಾಲ್ಲೂಕಲ್ಲಿ ಇನ್ನೂ ಹುಟ್ಟಿಲ್ಲ ಬಿಡಿ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಾಸನ ಜಿಲ್ಲೆಯ ಆಲೂರು ಕಡೆಯ ಹಿರಿಯ ಪ್ರಾಥಮಿಕ ಶಾಲೆ. ಅರವತ್ತು ಚಿಲ್ಲರೆ ಮಕ್ಕಳು, ನಾವಿಬ್ಬರು, ಜೊತೆಗೊಬ್ಬರು ಅತಿಥಿ ಶಿಕ್ಷಕಿ. ಒಂದರಿಂದ ಮೂರರ ನಲಿಕಲಿ ಇನ್ನೊಬ್ಬ ಮೇಡಂ ನೋಡಿಕೊಳ್ಳುತ್ತಾರೆ, ನಾಲ್ಕರಿಂದ ಏಳರವರೆಗೆ ಹೆಚ್ಚುಕಡಿಮೆ ಎಲ್ಲ ನನ್ನ ತಲೆಗೆ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಪ್ರತಿಭಾ ಕಾರಂಜಿ, ಹೋಬಳಿ ಕ್ರೀಡಾಕೂಟ, ಈಗ ಎಲ್‌ಬಿಎ ಅನ್ನುವ ಪಾಠವಾರು ಮೌಲ್ಯಮಾಪನದ ನಮೂದು. ಇಂಥ ಶಾಲೆಯಲ್ಲಿ ಇದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

2025ರ ಮಾತು ಬೇರೆ. ಆ ದಸರಾ ರಜೆ ಮನೆಮನೆಯ ಜಾತಿ ಸಮೀಕ್ಷೆಗೇ ಹೋಯಿತು. ಕರೆಂಟ್ ಮೀಟರ್ ಹತ್ತಿರ ಅಂಟಿಸಿದ ಚೀಟಿ ಹುಡುಕಿಕೊಂಡು ತೋಟದ ಕೂಲಿಯವರ ಲೈನ್ ಮನೆಗಳನ್ನೆಲ್ಲ ಸುತ್ತಿ, ನೆಟ್‌ವರ್ಕ್‌ಗೆ ಗುಡ್ಡ ಹತ್ತಿದವರಿಗೆ ಗೊತ್ತು ಅದರ ಪಾಡು. ಅಂಥ ಕೆಲಸ ಬಂದರೆ ಯಾವ ಉಪಾಯವೂ ನಡೆಯದು. ನಾನು ಹೇಳುವುದು ನಮ್ಮ ಕೈಯಲ್ಲೇ ಇರುವ ಕೆಲಸದ ಬಗ್ಗೆ.

ಮೊದಲು ದುಡ್ಡು ಕಳೆದ ಕಥೆ. ಅದಕ್ಕೂ ಹಿಂದೆ ಹಾಸನದಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಹಳೇ ಪ್ರಿಂಟರ್ ತಂದಿದ್ದೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಅದರಲ್ಲೇ ತೆಗೆದರೆ ಜೆರಾಕ್ಸ್ ಅಂಗಡಿಯ ಓಡಾಟ ತಪ್ಪುತ್ತದೆ ಅನ್ನುವ ಲೆಕ್ಕ. ಜುಲೈ ಮಳೆಗೆ ಹಾಳೆ ಹಸಿಯಾಗಿ ಒಂದಕ್ಕೊಂದು ಅಂಟಿ ಎರಡೆರಡು ಒಟ್ಟಿಗೆ ಒಳಗೆ ಹೋಗುತ್ತಿದ್ದವು. ಮಳೆ ರಜೆ ಬಂದು ನಾಲ್ಕು ದಿನ ಮುಟ್ಟದಿದ್ದರೆ ಇಂಕ್ ಕಟ್ಟಿಕೊಳ್ಳುತ್ತಿತ್ತು. ರಿಪೇರಿಗೆ ಸಾವಿರದ ಇನ್ನೂರೋ ಏನೋ ಹೋಯಿತು, ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಮರುವರ್ಷ ಸೈಬರ್ ಅಂಗಡಿಯಲ್ಲಿ ಅಂಕ ತುಂಬಿಸಲು ಕೊಟ್ಟೆ, ಸುಮಾರು ಆರುನೂರು ರೂಪಾಯಿ. ಒಬ್ಬಳ ಅಂಕ ಅದೇ ಹೆಸರಿನ ಇನ್ನೊಬ್ಬಳಿಗೆ ಬಿದ್ದು, ಅಲ್ಲಿಂದ ಕೆಳಗೆ ಇಡೀ ಪಟ್ಟಿಯೇ ಒಂದೊಂದು ಸಾಲು ಜಾರಿತ್ತು. ಸರಿಮಾಡಲು ಆಯುಧಪೂಜೆ ದಿನವೂ ಕೂತೆ. ಈ ಸಲ ಗೆದ್ದ ವಿಧಾನಕ್ಕೆ ಖರ್ಚಾಗಿದ್ದು ಎರಡು ದಪ್ಪ ಲೆಡ್ಜರ್, ಒಂದಷ್ಟು ಕ್ಲಿಪ್, ಕೆಂಪು ಪೆನ್ನು. ನಾನೂರು ರೂಪಾಯಿ ದಾಟಿಲ್ಲ.

ಆ ಪಟ್ಟಿ ಜಾರಿದ್ದರಿಂದಲೇ ದಾರಿ ಕಂಡಿತು. ನಮ್ಮ ಹಾಜರಿ ಪುಸ್ತಕದಲ್ಲಿ ಗಂಡುಮಕ್ಕಳು ಮೊದಲು, ಹೆಣ್ಣುಮಕ್ಕಳು ಆಮೇಲೆ. ಸ್ಯಾಟ್ಸ್ ಪರದೆಯ ಮೇಲೆ ಅದರದೇ ಕ್ರಮ. ಒಂದೊಂದು ಹೆಸರಿಗೂ ಮೇಲೆ ಕೆಳಗೆ ಕಣ್ಣಾಡಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಜೂನ್‌ನಲ್ಲೇ ಲೆಡ್ಜರ್‌ಗೆ ಗೆರೆ ಹಾಕಿ, ಮಕ್ಕಳ ಹೆಸರನ್ನು ಪರದೆಯ ಕ್ರಮದಲ್ಲೇ ಬರೆದುಕೊಂಡೆ. ಪೇಪರ್ ಕಟ್ಟನ್ನೂ ಅದೇ ಕ್ರಮದಲ್ಲಿ ಜೋಡಿಸುವುದು. ತುಂಬುವಾಗ ಬೆರಳು ಮೇಲಿಂದ ಕೆಳಕ್ಕೆ ಜಾರಿಸಿಕೊಂಡು ಹೋದರೆ ಮುಗಿಯಿತು. ಒಂದು ತರಗತಿಗೆ ಒಂದು ಗಂಟೆ ಹಿಡಿಯುತ್ತಿದ್ದದ್ದು ಇಪ್ಪತ್ತು ನಿಮಿಷಕ್ಕೆ ಬಂತು. ಎಲ್ಲರೂ ಸಂಜೆ ಕೂರುತ್ತಾರೆ, ಸರ್ವರ್ ತಿರುಗುತ್ತಲೇ ಇರುತ್ತದೆ. ನಾನು ಬೆಳಗಿನ ಐದೂವರೆಗೆ ಕೂತೆ.

ಎರಡನೆಯದು ತಿದ್ದುವ ರೀತಿ. ಒಬ್ಬರ ಪೇಪರ್ ಪೂರ್ತಿ ತಿದ್ದಿ ಇನ್ನೊಬ್ಬರದಕ್ಕೆ ಹೋಗುವುದನ್ನು ಬಿಟ್ಟೆ. ಉದ್ದ ಬೆಂಚಿನ ಮೇಲೆ ಆರನೇ ತರಗತಿಯ ಗಣಿತದ ಪೇಪರ್‌ಗಳನ್ನು ಹರವಿಕೊಂಡು ಎಲ್ಲರದೂ ಒಂದನೇ ಪ್ರಶ್ನೆ, ಆಮೇಲೆ ಎಲ್ಲರದೂ ಎರಡನೇ ಪ್ರಶ್ನೆ. ಉತ್ತರ ತಲೆಯಲ್ಲಿ ನಿಂತಿರುತ್ತದೆ, ಕೈ ತಾನೇ ಓಡುತ್ತದೆ. ಹೊತ್ತು ಅರ್ಧಕ್ಕರ್ಧ ಉಳಿಯಿತು. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಭಿನ್ನರಾಶಿ ಕೂಡುವ ಪ್ರಶ್ನೆಗೆ ಬಂದಾಗ, ಅರ್ಧಕ್ಕೆ ಮೂರನೇ ಒಂದು ಕೂಡಿ ಐದನೇ ಎರಡು ಅಂತ ಬರೆದವರು ಒಬ್ಬರ ಹಿಂದೊಬ್ಬರು ಸಿಕ್ಕರು, ತರಗತಿಯ ಅರ್ಧದಷ್ಟು ಮಕ್ಕಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟಿದ್ದರು. ಒಂದೊಂದೇ ಪೇಪರ್ ತಿದ್ದಿದ್ದರೆ ಇದು ಹೀಗೆ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಮರುದಿನವೇ ಬೋರ್ಡಿನ ಮೇಲೆ ಹೇಳಿಕೊಟ್ಟೆ.

ಅಂಕ ಲೆಡ್ಜರ್‌ಗೆ ಏರದೆ ಯಾವ ಪೇಪರ್ರೂ ಆ ಬೆಂಚು ಬಿಟ್ಟು ಏಳಬಾರದು, ಇದೊಂದು ಕಟ್ಟುನಿಟ್ಟು. ಮೌಖಿಕ ಪರೀಕ್ಷೆಯನ್ನಂತೂ ಕೊನೇ ವಾರಕ್ಕೆ ಇಡಲೇಬೇಡಿ. ನಾನು ಸೆಪ್ಟೆಂಬರ್ ಶುರುವಿನಿಂದಲೇ ಬೆಳಿಗ್ಗೆ ಹಾಲು ಕುಡಿಯುವ ಹೊತ್ತಲ್ಲಿ ದಿನಕ್ಕೆ ಮೂರ್ನಾಲ್ಕು ಮಕ್ಕಳಂತೆ ಕೇಳಿ ಮುಗಿಸಿದೆ. ಮೊದಲು ಮೊಬೈಲ್‌ನಲ್ಲಿ ಮಕ್ಕಳ ಓದು ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳುವ ಯೋಚನೆ ಇತ್ತು. ಮೊಬೈಲ್ ತುಂಬಿತು, ಕೇಳಲು ಪುರುಸೊತ್ತೇ ಸಿಗಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳುವುದೇ ಸರಿ.

ಪ್ರಗತಿ ಪತ್ರದಲ್ಲಿ ಶಿಕ್ಷಕರ ಅಭಿಪ್ರಾಯ ಬರೆಯಲು ನನ್ನದೊಂದು ಗುರುತಿನ ಪದ್ಧತಿ ಇದೆ. ಜೂನ್‌ನಿಂದಲೇ ಲೆಡ್ಜರ್ ಅಂಚಿನಲ್ಲಿ ಹಾಕಿಕೊಂಡು ಬರುತ್ತೇನೆ, ಕೊನೆಗೆ ಪ್ರತಿ ಮಗುವಿನ ಬಗ್ಗೆಯೂ ಬೇರೆಬೇರೆ ಮಾತು, ನಿಜವಾದ ಮಾತು, ತಾನಾಗಿ ಬರುತ್ತದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಇನ್ನೊಂದು ವರ್ಷ ನಾನೇ ಪರೀಕ್ಷಿಸಬೇಕು.

ಮೊಟ್ಟೆ ಲೆಕ್ಕದ ಪ್ರಯೋಗವನ್ನು ಮಾತ್ರ ಧಾರಾಳವಾಗಿ ಹೇಳುತ್ತೇನೆ. ವಾರದಲ್ಲಿ ಎರಡು ದಿನದ್ದು ಸರ್ಕಾರದ ದುಡ್ಡಿನ ಲೆಕ್ಕ, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡಿನದು, ಅದರಲ್ಲಿ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ದಿನಾ ತಲೆ ಎಣಿಸಬೇಕು. ಒಂದು ಮೊಟ್ಟೆಗೆ ಬರುವ ದುಡ್ಡಿಗಿಂತ ಅಂಗಡಿಯಲ್ಲಿ ಹೆಚ್ಚು ಕೇಳಿದರೆ ಮೇಲಿನದು ನಮ್ಮ ಪರ್ಸಿನಿಂದಲೇ. ಎರಡು ಡಬ್ಬ ಇಟ್ಟೆ. ಮೊಟ್ಟೆ ತೆಗೆದುಕೊಂಡವರು ಹುಣಸೆಬೀಜ ಹಾಕಬೇಕು, ಬಾಳೆಹಣ್ಣಿನವರು ಹೊಂಗೆಬೀಜ. ಊಟ ಆದಮೇಲೆ ನಾಲ್ಕನೇ ತರಗತಿಯವರು ಹತ್ತರ ಗುಂಪು ಮಾಡಿ ಎಣಿಸಿ ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾರೆ. ನನಗೆ ದಿನಕ್ಕೆ ಹತ್ತು ನಿಮಿಷ ಉಳಿಯಿತು, ಅವರಿಗೆ ಗುಣಾಕಾರ ಬಂತು. ಮೊದಲ ವಾರ ಹುಣಸೆಬೀಜವನ್ನೇ ಹುರಿದು ತಿಂದರು, ಅದು ನಿಲ್ಲಲು ಸ್ವಲ್ಪ ದಿನ ಹಿಡಿಯಿತು.

ಮಳೆ ಮತ್ತು ಆನೆ, ಇವೆರಡಕ್ಕೆ ಮಾತ್ರ ನಮ್ಮ ಕಡೆ ಮದ್ದಿಲ್ಲ. ಮಳೆ ರಜೆ ಕೊಟ್ಟರೆ ಆಮೇಲೆ ಶನಿವಾರ ಪೂರ್ತಿ ದಿನ ಶಾಲೆ, ನಾನು ಲೆಡ್ಜರ್‌ಗೆ ಅಂತ ಇಟ್ಟುಕೊಂಡ ಶನಿವಾರ ಮಧ್ಯಾಹ್ನಗಳು ಹೋದವು. ಎಸ್‌ಎ-1 ಸಮಯದಲ್ಲೇ ತೋಟದ ಪಕ್ಕ ಆನೆ ಹಿಂಡು ನಿಂತಿದೆ ಅಂತ ಮೆಸೇಜ್ ಬಂತು. ಆ ಕಡೆಯ ಮಕ್ಕಳು ಬರಲಾಗಲಿಲ್ಲ. ಇಂಥದ್ದು ಬರುತ್ತದೆ ಅಂತಲೇ ವೇಳಾಪಟ್ಟಿಯ ಕೊನೆಗೆ ಎರಡು ದಿನ ಖಾಲಿ ಬಿಡಿಸಿಕೊಂಡಿದ್ದೆ. ಬಿಡದೇ ಇದ್ದಿದ್ದರೆ ಮತ್ತೆ ಕಟ್ಟು ಹೊತ್ತುಕೊಂಡೇ ಬರಬೇಕಿತ್ತು. ಮೊದಲಾದರೆ ಬಸ್ಸಿನಲ್ಲಾದರೂ ನಾಲ್ಕು ಪೇಪರ್ ತಿದ್ದುತ್ತಿದ್ದೆ, ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಬಸ್ಸು ತುಂಬಿ, ಹಾಸನದವರೆಗೂ ನಿಂತೇ ಬರುವುದು.

ನಕ್ಕಿದ್ದ ಮೇಷ್ಟ್ರು ಕೊನೇ ವಾರ ನಮ್ಮ ಶಾಲೆಗೆ ಬಂದು ಲೆಡ್ಜರ್ ತಿರುವಿ ನೋಡಿದರು, ಮೊಬೈಲ್‌ನಲ್ಲಿ ಫೋಟೋನೂ ತೆಗೆದುಕೊಂಡರು. "ಏಪ್ರಿಲ್‌ಗೂ ಹಿಂಗೇ ಮಾಡ್ತೀರಾ ಮೇಡಂ?" ಅಂದರು. ಮಾಡುತ್ತೇನೆ.

ಸದ್ಯಕ್ಕೆ ಕಡೂರಿಗೆ, ಅಮ್ಮನ ಮನೆಗೆ. ಬೆಳಿಗ್ಗೆ ಎಂಟರವರೆಗೆ ಮಲಗಬೇಕು, ಮಧ್ಯಾಹ್ನ ಮತ್ತೆ ಮಲಗಬೇಕು. ಹುಣ್ಣಿಮೆ ಕಳೆದ ಗುರುವಾರ ಹಾಸನಾಂಬೆ ಬಾಗಿಲು ತೆಗೆಯುತ್ತಾರೆ, ಈ ಸಲ ಅಮ್ಮನನ್ನು ಕರೆದುಕೊಂಡು ಸಾಲಿನಲ್ಲಿ ನಿಲ್ಲುವಷ್ಟು ಬಿಡುವು ಇದೆ. ವರ್ಷದ ಕೊನೆಯ ಪರೀಕ್ಷೆ ಎಸ್‌ಎ-2ರ ಚಿಂತೆ ಬೇರೆ ಥರದ್ದು. ಡಿಸೆಂಬರ್‌ನಿಂದ ಕಾಫಿ ಹಣ್ಣು ಕೊಯ್ಲು ಜೋರಾಗುತ್ತದೆ, ಲೈನ್ ಮನೆಯ ಮಕ್ಕಳ ಹಾಜರಿ ಇಳಿಯುತ್ತದೆ, ಕೊಯ್ಲು ಮುಗಿದರೆ ಕೆಲವರು ಅಪ್ಪ ಅಮ್ಮನ ಜೊತೆ ಊರಿಗೇ ಹೊರಟುಬಿಡುತ್ತಾರೆ. ಅವರ ಮೌಖಿಕ, ಎಫ್‌ಎ ಕಿರುಪರೀಕ್ಷೆ ಎಲ್ಲ ಜನವರಿಯೊಳಗೆ ಮುಗಿಸಬೇಕು. ಎರಡನೇ ಲೆಡ್ಜರ್‌ನಲ್ಲಿ ಅವರ ಹೆಸರಿಗೆ ಬೇರೆ ಪುಟ ಆಗಲೇ ಬಿಟ್ಟಿದ್ದೇನೆ.